ಗೈಡಿನ ರಟ್ಟಿನೊಳಗೆ

ಕುಂಬಾರಕೊಪ್ಪಲು, ಮೈಸೂರು
9 ಜೂನ್ 2025

ಅನನ್ಯಾ,

ಕಾಗದದ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲು, ನಗಬೇಡ. ನನ್ನ ಫೋನು ದೇವರ ಮನೆಯಲ್ಲಿದೆ. ಈ ಸಲ ಪಾಸಾದವರ ಪಟ್ಟಿಯಲ್ಲೂ ನನ್ನ ನಂಬರ್ ಇಲ್ಲವೆಂದು ಗೊತ್ತಾದ ಮಾರನೆಯ ದಿನವೇ ಅಮ್ಮ ಬೆಟ್ಟ ಹತ್ತಿ, ಮಗಳು ಆಫೀಸರ್ ಆಗುವವರೆಗೂ ಫೋನು ಮುಟ್ಟುವುದಿಲ್ಲ ಅಂತ ಹರಕೆ ಹೊತ್ತು ಬಂದಳು. ಹೊತ್ತವಳು ಅವಳು, ತೀರಿಸಬೇಕಾದವಳು ನಾನು. ಈಗ ಅದು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಚಾಮುಂಡಿ ಪಟದ ಮುಂದೆ ಮಲಗಿದೆ. ಶುಕ್ರವಾರ ಅದಕ್ಕೂ ಒಂದು ಹೂವು. ಯಾರಿಗಾದರೂ ಮಾತಾಡಬೇಕು ಅಂದರೆ ಅಮ್ಮ ತನ್ನ ಫೋನು ಕೊಡುತ್ತಾಳೆ, ಕೊಟ್ಟು ಪಕ್ಕದಲ್ಲೇ ನಿಂತಿರುತ್ತಾಳೆ.

ಅವಳ ಎದುರು ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ನನಗೆ ಇನ್ನು ಈ ಕೆಎಎಸ್ ಪರೀಕ್ಷೆ ಬರೆಯಲು ಇಷ್ಟವಿಲ್ಲ. ಸೋತೆ ಅಂತಲ್ಲ, ಸಾಕಾಗಿದೆ. ಎಲ್ಲಾದರೂ ಶಾಲೆಯಲ್ಲಿ ಪಾಠ ಮಾಡಿಕೊಂಡು ಇರೋಣ ಅನ್ನಿಸುತ್ತದೆ. ಆದರೆ ಅಪ್ಪನ ಮುಂದೆ ನಿಂತರೆ ಬಾಯಿ ಬರುವುದಿಲ್ಲ. ಮೇಸ್ತ್ರಿಯಾದ ಅಪ್ಪ ಬೋಗಾದಿ ಕಡೆ ಎಲ್ಲೆಲ್ಲಿ ಮನೆ ಕಟ್ಟುತ್ತಾರೋ ಅಲ್ಲೆಲ್ಲ, ಪಾಯ ತೋಡುವ ಮೊದಲೇ, ಮಗಳು ಕೆಎಎಸ್‌ಗೆ ಓದುತ್ತಿರುವ ಸುದ್ದಿ ಹೇಳಿರುತ್ತಾರೆ. ನಮ್ಮ ಬೀದಿಯಲ್ಲಿ ನನ್ನ ಹೆಸರು ಈಗಾಗಲೇ ತಾಸಿಲ್ದಾರಮ್ಮ. ಮೊನ್ನೆ ಅಂಗಡಿ ಮಂಜುಳಮ್ಮ ತಮ್ಮ ಮನೆ ಖಾತೆಯ ಜೆರಾಕ್ಸ್ ತಂದು ಕೈಗಿಟ್ಟು, "ಸೀಟ್ ಮ್ಯಾಲೆ ಕೂತ್ಕೊಂಡಾಗ ನಮ್ದೊಂದ್ ಗ್ಯಾಪ್ಕ ಇಟ್ಕೊ ಮಗ" ಅಂದರು. ತೆಗೆದುಕೊಂಡು ಜೋಪಾನವಾಗಿ ಇಟ್ಟಿದ್ದೇನೆ. ಇನ್ನೇನು ಮಾಡಲಿ ಹೇಳು.

ಸರಸ್ವತಿಪುರಂನ ರೀಡಿಂಗ್ ರೂಮು ನೀನು ಬಿಟ್ಟು ಹೋದ ಹಾಗೇ ಇದೆ. ಎಡಕ್ಕೆ ಹಲಗೆ, ಬಲಕ್ಕೆ ಹಲಗೆ, ಮುಂದೆ ಗೋಡೆ. ನಿನ್ನ ಸೀಟಿನಲ್ಲಿ ಈಗ ಲಾಸ್ಯ ಅಂತ ಒಬ್ಬ ಹುಡುಗಿ, ಯಾರಾದರೂ ಕೆಮ್ಮಿದರೂ ತಿರುಗಿ ನೋಡುತ್ತಾಳೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪುಸ್ತಕ ಬಿಟ್ಟು ಬೇರೆ ಏನನ್ನೂ ನಾನು ಓದಿ ವರ್ಷಗಳಾದವು. ನಿನಗೆ ತುಂಬ ಇಷ್ಟವಾದ ಒಂದು ಕಥೆ ಪುಸ್ತಕ ಕಳಿಸುತ್ತೀಯಾ? ಉಪಯೋಗಕ್ಕೆ ಬಾರದ್ದೇ ಇರಲಿ. ಹಳೆಯ ಗೈಡೊಂದರ ಹಾಳೆಗಳನ್ನು ಕಿತ್ತು ರಟ್ಟು ಮಾತ್ರ ಉಳಿಸಿಕೊಂಡಿದ್ದೇನೆ, ಅದರೊಳಗೆ ಹಿಡಿಯಬೇಕು. ಮನೆಗೆ ಕಳಿಸಬೇಡ, ರೀಡಿಂಗ್ ರೂಮಿಗೆ ಕಳಿಸು. ಓನರ್ ಮೃತ್ಯುಂಜಯ ಸರ್ ತೆಗೆದಿಡುತ್ತಾರೆ.

ಉತ್ತರಕ್ಕೆ ಬಾಗಿಲು ಕಾಯುವ
ಗಗನ

ಗದಗ
21 ಜೂನ್ 2025

ತಾಸಿಲ್ದಾರಮ್ಮನವರ ಸನ್ನಿಧಾನಕ್ಕೆ,

ಫೋನಿಗೆ ಹೂವು ಏರಿಸುತ್ತಾರೆ ಅಂತ ಓದಿ ಬ್ಯಾಂಕಿನ ಕೌಂಟರಿನಲ್ಲೇ ನಕ್ಕುಬಿಟ್ಟೆ. ಎದುರಿಗಿದ್ದ ಅಜ್ಜ ತನ್ನ ಸಹಿ ನೋಡಿ ನಕ್ಕೆ ಅಂದುಕೊಂಡು ಮುಖ ಊದಿಸಿಕೊಂಡ.

ಇಷ್ಟವಾದ ಪುಸ್ತಕ ಯಾವುದು ಅಂತ ನನ್ನನ್ನು ಕೇಳಬಾರದು, ಕೇಳಿದವರು ಕೆಡುತ್ತಾರೆ. ನನ್ನ ರೂಮಿನ ಕಪಾಟಿನ ಮುಂದೆ ಒಂದು ಭಾನುವಾರ ಪೂರ್ತಿ ಕೂತು ಇದನ್ನು ಆರಿಸಿದ್ದೇನೆ. ಒಬ್ಬ ದರ್ಜಿ. ಯಾರೋ ಅಳತೆ ಕೊಟ್ಟು ಕೋಟು ಹೊಲಿಸಿ, ತೆಗೆದುಕೊಂಡು ಹೋಗಲು ಬರುವುದೇ ಇಲ್ಲ. ಕೊನೆಗೆ ದರ್ಜಿಯೇ ಅಂಗಡಿಗೆ ಬೀಗ ಹಾಕಿ, ಕೋಟು ಹೆಗಲಿಗೆ ಹಾಕಿಕೊಂಡು, ಅದು ಯಾರ ಮೈಗೆ ಸರಿಹೋಗುತ್ತದೆಂದು ಊರೂರು ಹುಡುಕುತ್ತಾನೆ. ತೊಟ್ಟು ನೋಡುವ ಒಬ್ಬೊಬ್ಬರದೂ ಒಂದೊಂದು ಕಥೆ. ಇದರಿಂದ ನಿನಗೆ ಮೂರು ಕಾಸಿನ ಪ್ರಯೋಜನ ಇಲ್ಲ, ಖಾತ್ರಿ.

ಇನ್ನು ನಿನ್ನ ಇನ್ನೊಂದು ವಿಷಯ. ಹೇಳಿಬಿಡೇ. ಅಪ್ಪಾ, ನಾನು ಬರೆಯಲ್ಲ. ಇಷ್ಟೇ ಮಾತು. ನಾನು ಹೇಳಲಿಲ್ಲವಾ? ಒಂದು ವಾರ ನಮ್ಮಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು, ಆಮೇಲೆ ತಾವೇ ಬ್ಯಾಂಕ್ ಪರೀಕ್ಷೆಯ ಜಾಹೀರಾತು ತೋರಿಸಿದರು. ನಿಂಗಯ್ಯ ಅಂಕಲ್ ನಿನ್ನನ್ನು ನುಂಗುವುದಿಲ್ಲ.

ಓದಿದ ಕೂಡಲೇ ಬರೆ.

ನಿನ್ನ ಅನನ್ಯ

ಕುಂಬಾರಕೊಪ್ಪಲು
13 ಜುಲೈ 2025

ಅನನ್ಯಾ,

ದರ್ಜಿ ನನ್ನನ್ನು ಮೂರು ದಿನ ಹಿಡಿದಿಟ್ಟುಕೊಂಡ. ಸಣಕಲು ಪೂಜಾರಿ ಆ ಕೋಟು ತೊಟ್ಟು, ತೋಳಿನೊಳಗೆ ಕೈ ಹುಡುಕುತ್ತಾನಲ್ಲ, ಅಲ್ಲಿ ತಡೆಯಲಾಗದೆ ಜೋರಾಗಿ ನಕ್ಕೆ. ಇಡೀ ರೂಮು ತಿರುಗಿತು. ಲಾಸ್ಯ ಹಲಗೆಯ ಮೇಲಿಂದ ಕತ್ತು ಚಾಚಿ ನನ್ನ ಮುಂದಿದ್ದ ಗೈಡಿನ ರಟ್ಟು ನೋಡಿದಳು: ಭಾರತದ ಅರ್ಥವ್ಯವಸ್ಥೆ. ಇದರಲ್ಲಿ ನಗುವಂಥದ್ದೇನಿದೆ ಅಂತ ಪಾಪ ಇನ್ನೂ ಯೋಚಿಸುತ್ತಿರಬೇಕು. ಸಂಜೆ ಮನೆಗೆ ಹೋದ ಮೇಲೂ ನೆನೆಸಿಕೊಂಡು ನಕ್ಕೆ. ಅಪ್ಪ "ಏನವ್ವ, ಕೊಸ್ಚನ್ ಪೇಪರ್ರೇ ಸಿಕ್ಬುಡ್ತ?" ಅಂದರು.

ನೀನು ಹೇಳಿದ್ದಕ್ಕೆ ಉತ್ತರ. ನಿಮ್ಮ ಮನೆಯಲ್ಲಿ ತಾತ ಮೇಷ್ಟ್ರು, ಅಪ್ಪ ಆಡಿಟರ್, ಅಣ್ಣ ಡಾಕ್ಟರ್. ನೀನು ಪರೀಕ್ಷೆ ಬಿಟ್ಟರೆ ಒಂದು ವಾರ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುವಷ್ಟು ವಿಷಯ ಅದು. ನಮ್ಮ ಎರಡೂ ಕಡೆಯ ನೆಂಟರಲ್ಲಿ ಡಿಗ್ರಿ ಮುಟ್ಟಿದವಳು ನಾನೊಬ್ಬಳೇ. ಅಪ್ಪ ಕಾಂಪೌಂಡಿನ ಗೇಟಿನ ಪಕ್ಕ ಒಂದು ಗ್ರಾನೈಟ್ ಕಲ್ಲು ಕೂರಿಸಿ, ಏನೂ ಕೆತ್ತಿಸದೆ ಖಾಲಿ ಬಿಟ್ಟಿದ್ದಾರೆ. ನನ್ನ ಹೆಸರಿನ ಮುಂದೆ ಕೆಎಎಸ್ ಅನ್ನುವ ಅಕ್ಷರಗಳು ಬಂದ ಮೇಲೆ ಕೆತ್ತಿಸುತ್ತಾರಂತೆ. ದಿನಾ ಅದನ್ನು ದಾಟಿಕೊಂಡೇ ಹೋಗಬೇಕು.

ಇನ್ನೊಂದು ಪುಸ್ತಕ ಕಳಿಸು, ಬೇಗ. ದರ್ಜಿ ಮುಗಿದ ಮೇಲೆ ಹಲಗೆಗಳು ಮತ್ತೆ ಹತ್ತಿರಕ್ಕೆ ಬಂದಿವೆ.

ಗಗನ

ಗದಗ
2 ಆಗಸ್ಟ್ 2025

ಗಗನಾ,

ಇಗೋ ಎರಡನೆಯದು. ಗಂಡನ ಮನೆಗೆ ಹೊರಟ ಹೆಣ್ಣೊಬ್ಬಳು ಬಸ್ಸು ಟೀಗೆ ನಿಂತ ಊರಿನಲ್ಲಿ ಇಳಿದು, ವಾಪಸು ಹತ್ತುವುದೇ ಇಲ್ಲ. ಅಲ್ಲೇ ಒಲೆ ಹೂಡಿ ಬೋಂಡಾ ಕರಿದು ಬದುಕುತ್ತಾಳೆ. ಅವಳು ಬ್ಯಾಗು ಕೆಳಗಿಳಿಸುವ ಪುಟವನ್ನು ಎರಡು ಸಲ ಓದು. ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದೇನೆ. ನೀನು ಓದಲೇಬೇಕಾದ ಪುಸ್ತಕ ಇದು. ಮುಗಿಸಿದ ದಿನವೇ ಅಪ್ಪನ ಹತ್ತಿರ ಮಾತಾಡು. ಏನಾಯಿತು ಅಂತ ಬರೆ.

ನಿನ್ನ ಒಳ್ಳೆಯದನ್ನೇ ಬಯಸುವ
ಅನನ್ಯ

ಕುಂಬಾರಕೊಪ್ಪಲು
7 ಸೆಪ್ಟೆಂಬರ್ 2025

ಅನನ್ಯಾ,

ಉತ್ತರ ತಡವಾಗಿದ್ದು ಕೋಪಕ್ಕೆ. ಬೋಂಡಾದವಳ ಪುಸ್ತಕವನ್ನು ಅರ್ಧಕ್ಕೆ ಮುಚ್ಚಿದೆ. ಚೆನ್ನಾಗಿಲ್ಲ ಅಂತಲ್ಲ. ಪ್ರತಿ ಪುಟದಲ್ಲೂ ನೀನು ಪಕ್ಕದಲ್ಲಿ ನಿಂತು ಮೊಣಕೈಯಲ್ಲಿ ತಿವಿಯುತ್ತಿದ್ದೆ. ನಾನು ಪುಸ್ತಕ ಕೇಳಿದೆ, ನೀನು ಕಷಾಯ ಕಳಿಸಿದೆ. ನನಗೆ ಬುದ್ಧಿ ಹೇಳುವವರಿಗೆ ಮೈಸೂರಿನಲ್ಲೇ ಬರವಿಲ್ಲ, ಗದಗದಿಂದ ಅಂಚೆಯಲ್ಲಿ ತರಿಸಬೇಕಾಗಿರಲಿಲ್ಲ.

ಬೈದದ್ದು ಇಷ್ಟೇ. ಈಗ ಕೇಳು, ಆಗಬಾರದ್ದೊಂದು ಆಗಿದೆ.

ಕಳೆದ ವಾರ ಊಟದ ಡಬ್ಬಿ ಮರೆತು ಹೋಗಿದ್ದೆ. ಅಪ್ಪ ಬೋಗಾದಿಗೆ ಹೋಗುವ ದಾರಿಯಲ್ಲಿ ಕೊಡಲು ರೀಡಿಂಗ್ ರೂಮಿಗೆ ಬಂದಿದ್ದಾರೆ. ನಾನು ಕೆಳಗೆ ಟೀ ಕುಡಿಯುತ್ತಿದ್ದೆ. ಮೇಲೆ ಬಂದರೆ ಮೃತ್ಯುಂಜಯ ಸರ್, "ನಿಮ್ ಫಾದರ್ ಬಂದಿದ್ರು ಕಣಮ್ಮ, ನಿಮ್ ಬುಕ್ ತೆಗ್ದು ನಿಂತ್ಕೊಂಡೇ ಓದ್ತಿದ್ರು, ಡಿಸ್ಟರ್ಬ್ ಮಾಡ್ಲಿಲ್ಲ" ಅಂದರು. ಗೈಡಿನ ರಟ್ಟಿನೊಳಗೆ ದರ್ಜಿ ಇದ್ದ. ಮತ್ತೆ ಓದುತ್ತಿದ್ದೆ. ಸಂಜೆವರೆಗೂ ಕೂತು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದೆ: ಅಪ್ಪಾ, ನಾನು ಇನ್ನು ಬರೆಯಲ್ಲ.

ಮನೆಗೆ ಹೋದರೆ ಅಪ್ಪ ನಲ್ಲಿಯ ಹತ್ತಿರ ಕಾಲಿನ ಸಿಮೆಂಟು ತೊಳೆದುಕೊಳ್ಳುತ್ತಿದ್ದರು. ತಲೆ ಎತ್ತಿ, "ಆ ದರ್ಜಿ ಕೋಟ್ ಎತ್ಕೊಂಡು ಹೊಂಟ್ನಲ್ಲವ್ವ, ಆಮ್ಯಾಕೇನಾಯ್ತು?" ಅಂದರು.

ನಾನು ಖಾಲಿ ಡಬ್ಬಿ ತೆಗೆದು ಜಗಲಿಯ ಮೇಲಿಟ್ಟೆ.

"ಅಲ್ಲ, ಪರೀಕ್ಷೆಗೆ ಇಂಥವೂ ಕೇಳ್ತಾರಾ?"

"ಕನ್ನಡ ಪೇಪರ್ ಇದೆಯಪ್ಪ, ಅದಕ್ಕೆ" ಅಂದೆ. ಬಾಯಿಪಾಠ ಮಾಡಿದ ವಾಕ್ಯ ಎಲ್ಲಿ ಹೋಯಿತೋ.

"ಪರ್ವಾಗಿಲ್ಲ ಕಣವ್ವ ಗೌರ್ಮೆಂಟು" ಅಂದು ಟವೆಲಿಗೆ ಕೈಯೊರೆಸಿ, "ಓದ್ ಹೇಳು ಮತ್ತೆ, ನಂಗೆ ಸಣ್ಣಕ್ಷರ ಜಾಸ್ತಿ ಹೊತ್ತು ಓದಕ್ಕಾಗಕ್ಕಿಲ್ಲ" ಅಂತ ಜಗಲಿಯ ಮೇಲೆ ಕೂತರು.

ಅಂದಿನಿಂದ ದಿನಾ ಸಂಜೆ ಓದಿ ಹೇಳುತ್ತಿದ್ದೇನೆ. ಅಮ್ಮ ಕಾಫಿ ತಂದಿಟ್ಟು, ಮಗಳ ಓದು ಕೆಡಬಾರದೆಂದು ಟಿವಿ ಆರಿಸುತ್ತಾಳೆ. ಅಪ್ಪನಿಗೆ ದರ್ಜಿಯ ಮೇಲೆ ಒಂದೇ ಸಿಟ್ಟು: "ಅಂಗ್ಡಿಗೆ ಬೀಗ ಹಾಕ್ಬುಟ್ಟು ಹೊಂಟೋದ್ರೆ ಒಪ್ಕೊಂಡಿರೋ ಬ್ಯಾರೆ ಕೆಲ್ಸದ್ ಗತಿ ಏನು?" ಆದರೆ ಪೂಜಾರಿ ಬಂದಾಗ ನಾನು ನಕ್ಕಲ್ಲೇ ಅವರೂ ನಕ್ಕರು. ಅನನ್ಯಾ, ನಮ್ಮಪ್ಪ ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ಈ ಸುಳ್ಳು ಕೊಟ್ಟಷ್ಟು ಸುಖ ನಮ್ಮ ಮನೆಗೆ ಬೇರೆ ಯಾವುದೂ ಕೊಟ್ಟಿಲ್ಲ, ಅದಕ್ಕೇ ಭಯವಾಗುತ್ತದೆ.

ದರ್ಜಿ ನಾಳೆ ಮುಗಿಯುತ್ತಾನೆ. "ಮುಂದಿನ ಪಾಠ ಯಾವಾಗ ತತ್ತೀಯವ್ವ?" ಅಂತ ಈಗಲೇ ಕೇಳುತ್ತಿದ್ದಾರೆ. ಅಪ್ಪನಿಗೆ ಹಿಡಿಸುವಂಥದ್ದೊಂದು ಕಳಿಸು. ಅಪ್ಪನಿಗೆ ಮೋಸ ಮಾಡುವ ಮಗಳು ಅದರಲ್ಲಿ ಇರಬಾರದು, ಕೈ ಮುಗಿಯುತ್ತೇನೆ.

ಗಗನ

ಗದಗ
18 ಸೆಪ್ಟೆಂಬರ್ 2025

ಗಗನಾ,

ಬೈಸಿಕೊಂಡೆ, ಸರಿಯಾಗಿಯೇ ಬೈದಿದ್ದೀಯ.

ಅಂಕಲ್‌ಗೆ ಇದನ್ನು ಓದು. ಬಾವಿ ತೋಡುವ ಅಣ್ಣತಮ್ಮಂದಿರ ಕಥೆ. ನೀರು ಬರುವುದಿಲ್ಲ. ಇಷ್ಟು ಆಳ ತೋಡಿದ ಮೇಲೆ ಬಿಡುವುದು ಹೇಗೆ ಅಂತ ತೋಡುತ್ತಲೇ ಇರುತ್ತಾರೆ, ವಯಸ್ಸು ಅದರಲ್ಲೇ ಕಳೆಯುತ್ತದೆ. ಹೆಣ್ಣುಮಕ್ಕಳ ಪಾತ್ರವೇ ಇಲ್ಲ, ಹೆದರಬೇಡ. ಆದರೆ ಅಂಕಲ್ ಕೆಲಸ ಬಲ್ಲವರು, ಕೇಳುತ್ತ ಕೇಳುತ್ತ ಅವರಿಗೇ ಎಲ್ಲ ತಿಳಿಯುತ್ತದೆ. ನೀನು ಬಾಯಿ ತೆರೆಯಬೇಕಾಗಿಯೇ ಬರದಿರಬಹುದು.

ಅಭ್ಯಾಸಬಲ, ಕ್ಷಮಿಸು.
ಅನನ್ಯ

ಕುಂಬಾರಕೊಪ್ಪಲು
16 ನವೆಂಬರ್ 2025

ಅನನ್ಯಾ,

ಇದರ ಜೊತೆಗಿರುವ ಕಟ್ಟಿನಲ್ಲಿ ನಿನ್ನ ಮೂರೂ ಪುಸ್ತಕಗಳಿವೆ. ಬಾವಿ ಪುಸ್ತಕದ ರಟ್ಟಿಗೆ ಸ್ವಲ್ಪ ಸಿಮೆಂಟು ಹತ್ತಿದೆ, ಒರೆಸಿದರೂ ಹೋಗಲಿಲ್ಲ.

ನಿನ್ನ ಎಣಿಕೆ ತಲೆಕೆಳಗಾಯಿತು. ಅಪ್ಪ ಆ ಕಥೆಯನ್ನು ಉಸಿರು ಬಿಗಿ ಹಿಡಿದು ಕೇಳಿದರು. ಮಣ್ಣು ಜರಿಯುವ ಕಡೆ "ಅಲ್ ತಟ್ಟಿ ಕಟ್ಬೇಕಿತ್ತು" ಅಂತ ಎದ್ದು ನಿಂತರು. ಕೊನೆಗೆ ತಮ್ಮನಾದವನು ಸಲಿಕೆ ಬಿಸಾಕಿ ಹೋಗುತ್ತಾನಲ್ಲ, ಅಲ್ಲಿ ಪುಸ್ತಕ ಮುಚ್ಚು ಅಂತ ಕೈ ಮಾಡಿದರು. ಆಮೇಲೆ ಅಂದರು, "ತಪ್ ಮಾಡ್ದ ಕಣವ್ವ. ಇನ್ನೊಂದ್ ಆಳುದ್ದ ಇಳ್ಸಿದ್ರೆ ನೀರ್ ಸಿಕ್ತಿತ್ತು. ಅಷ್ಟ್ ತೋಡ್ದವ್ನು ಬುಟ್ಬುಟ್ಟು ಹೋಗ್ಬಾರ್ದು." ಹೇಳಿ ನನ್ನ ತಲೆ ನೇವರಿಸಿದರು.

ಪುಸ್ತಕ ಅಷ್ಟು ಹಿಡಿಸಿದ್ದರಿಂದಲೇ ಮುಂದಿನದಾಯಿತು. ಬೋಗಾದಿಯಲ್ಲಿ ಅಪ್ಪ ಈಗ ಕಟ್ಟುತ್ತಿರುವುದು ಅನಂತಪದ್ಮನಾಭ ಅನ್ನುವ ರಿಟೈರ್ಡ್ ಲೆಕ್ಚರರ ಮನೆ. ಅಪ್ಪನಿಗೆ ಅವರೆಂದರೆ ಪ್ರೀತಿ. ಅವರ ಮಗ ಸಮರ್ಥ ಅನ್ನುವವನೂ ಇದೇ ಪರೀಕ್ಷೆಗೆ ಓದುತ್ತಾನೆ. ತಾರಸಿಗೆ ಮೋಲ್ಡ್ ಹಾಕಿದ ದಿನ ಎಲ್ಲರೂ ಸ್ವೀಟು ತಿನ್ನುತ್ತ ನಿಂತಿದ್ದಾಗ, ಅಪ್ಪ ನನ್ನ ಮೇಜಿನಿಂದ ಎತ್ತಿಕೊಂಡು ಹೋಗಿದ್ದ ಬಾವಿ ಪುಸ್ತಕವನ್ನು, ಗೈಡಿನ ರಟ್ಟಿನ ಸಮೇತ, ಆ ಹುಡುಗನ ಕೈಗಿಟ್ಟು, "ಇದ್ನ ಓದಪ್ಪ, ನಮ್ ಗಗನ ಓದ್ತಿರೋದು. ಪರೀಕ್ಷೆಗ್ ಬರೋದ್ರಲ್ಲಿ ಇದಕ್ಕಿಂತ ಒಳ್ಳೇದಿಲ್ಲ" ಅಂದಿದ್ದಾರೆ.

ತಾವು ಕೇಳಿ ಮೆಚ್ಚಿದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಟ್ಟದ್ದು ಅಪ್ಪ ಜೀವಮಾನದಲ್ಲಿ ಅದೊಂದೇ ಸಲ.

ಹುಡುಗ ಬಿಚ್ಚಿ ನೋಡಿ ನಕ್ಕನಂತೆ. ಅನಂತಪದ್ಮನಾಭ ಅವರು ನಗಲಿಲ್ಲವಂತೆ, ಮೆತ್ತಗೇ ಹೇಳಿದರಂತೆ, "ನಿಂಗಯ್ಯ, ಇದು ಕಾದಂಬರಿ ಕಣ್ರೀ. ಪರೀಕ್ಷೆಗೆ ಬರೋದಲ್ಲ. ನಿಮ್ಮ ಮಗಳು ಇದನ್ನಾ ಓದ್ತಾ ಇರೋದು?" ಅವರ ಮನೆಯವರು ರಮಾಮಣಿ "ಹೋಗ್ಲಿ ಬಿಡಿ, ಕಾಫಿ ತಗೊಳ್ಳಿ" ಅಂದರಂತೆ. ಗಾರೆ ಆಳುಗಳೆಲ್ಲ ಅಲ್ಲೇ ಇದ್ದರು. ಇಷ್ಟನ್ನೂ ಅಪ್ಪ ಅಮ್ಮನಿಗೆ ಹೇಳುವಾಗ ಒಳಗಿನಿಂದ ಕೇಳಿಸಿಕೊಂಡೆ.

ನನ್ನ ಹತ್ತಿರ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಬಯ್ಯಲಿಲ್ಲ. ಬೈದಿದ್ದರೆ ನಾನೂ ಜೋರಾಗಿ ಏನಾದರೂ ಅಂದು, ಆ ರಭಸದಲ್ಲಿ ಎಲ್ಲ ಹೇಳಿಬಿಡುತ್ತಿದ್ದೆನೇನೋ.

"ಇದು ಪರೀಕ್ಷೆಗಲ್ವಂತಲ್ಲವ್ವ" ಅಂದರು. ರಟ್ಟಿಗೆ ಹತ್ತಿದ್ದ ಸಿಮೆಂಟನ್ನು ಬೆರಳಿನಿಂದ ಕೆರೆದು, "ನಂಗೇನಾರ ಹೇಳದಿದ್ಯಾ?" ಅಂದರು.

ಬೇರೆ ಯಾರೂ ಇರಲಿಲ್ಲ. ಇಷ್ಟು ತಿಂಗಳಿಂದ ಕಾದಿದ್ದ ಬಾಗಿಲನ್ನು ಅಪ್ಪನೇ ತೆರೆದು ಹಿಡಿದಿದ್ದರು. ಮುಖ ನೋಡಿದೆ. ಹುಬ್ಬಿನ ಮೇಲೆ ಸಿಮೆಂಟಿನ ಧೂಳು, ಕೆಳಗೆ ಅವಮಾನ ಆದ ಕಣ್ಣು. ಆ ಕಣ್ಣಿಗೆ ಇನ್ನೊಂದು ನೋವನ್ನು ಹೇಗೆ ಕೊಡಲಿ?

"ಇಲ್ಲಪ್ಪ. ಈ ಸಲ ಪಾಸಾಗ್ತೀನಿ" ಅಂದೆ.

ಮಾರನೆಯ ದಿನ ಸೈಬರ್ ಸೆಂಟರಿಗೆ ಹೋಗಿ ಅರ್ಜಿ ತುಂಬಿ ಬಂದೆ. ಇನ್ನು ಪುಸ್ತಕ ಕಳಿಸಬೇಡ. ನಿನ್ನ ತಪ್ಪೇನೂ ಇಲ್ಲ, ಆದರೆ ಉತ್ತರವನ್ನೂ ಬರೆಯಬೇಡ.

ಗಗನ

ಗದಗ
27 ನವೆಂಬರ್ 2025

ಗಗನಾ,

ಬರೆಯಬೇಡ ಅಂದಿದ್ದೀಯ, ಬರೆಯುತ್ತಿದ್ದೇನೆ. ಪುಸ್ತಕಗಳು ತಲುಪಿದವು. ಬಾವಿ ಪುಸ್ತಕ ನಿಮ್ಮ ಮನೆಯಲ್ಲೇ ಇರಬೇಕಾಗಿತ್ತು ಅನ್ನಿಸಿತು. ನಿನ್ನ ಮನೆಯನ್ನು ಇಲ್ಲಿ ಕೂತು ರಿಪೇರಿ ಮಾಡಲು ಹೊರಟಿದ್ದೆ. ನನ್ನಿಂದಲೇ ಅಂಕಲ್ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದರು. ನಾಚಿಕೆಯಾಗುತ್ತದೆ, ದುಃಖವೂ ಆಗುತ್ತದೆ. ನಿನ್ನಮ್ಮನ ಫೋನಿಗೆ ಎರಡು ಸಲ ಮಾಡಿದೆ. ನೀನು ಓದುತ್ತಿದ್ದೀಯ, ಎಬ್ಬಿಸಬಾರದು ಅಂದರು.

ಒಂದು ಸಾಲಾದರೂ ಬರೆ.

ಅನನ್ಯ

ಕುಂಬಾರಕೊಪ್ಪಲು
4 ಜನವರಿ 2026

ಅನನ್ಯಮ್ಮನವರಿಗೆ ಗಗನಳ ತಂದೆ ನಿಂಗಯ್ಯ ಮಾಡುವ ನಮಸ್ಕಾರ.

ನಾವೆಲ್ಲರೂ ಆರೋಗ್ಯವಾಗಿದ್ದೇವೆ, ನೀವೂ ಹಾಗೇ ಇದ್ದೀರೆಂದು ತಿಳಿದಿದ್ದೇನೆ. ಪುಸ್ತಕ ಬಂದಿದ್ದ ಕವರಿನ ಹಿಂದೆ ಅಳತೆ ಬರೆದಿಟ್ಟುಕೊಂಡಿದ್ದೆ, ಅದರ ಮೇಲೆ ನಿಮ್ಮ ವಿಳಾಸ ಇತ್ತು. ನಾನು ಕಾಗದ ಬರೆದು ಬಹಳ ವರ್ಷ ಆಯಿತು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ನಿಮಗೆ ಬರೆದಿರುವುದು ಗಗನಳಿಗೆ ಗೊತ್ತಿಲ್ಲ, ಅವಳ ತಾಯಿ ಸರೋಜನಿಗೂ ಗೊತ್ತಿಲ್ಲ.

ನಿಮ್ಮ ಪುಸ್ತಕದ ಮೇಲೆ ನನಗೆ ಏನೂ ಬೇಜಾರಿಲ್ಲ. ಆ ದಿನ ಸಾರ್ ಮನೆಯಲ್ಲಿ ನಾಚಿಕೆ ಆಗಿದ್ದು ನಿಜ. ಎರಡು ದಿನ ಆ ಸೈಟಿಗೆ ಹೋಗಲಿಲ್ಲ. ಆಮೇಲೆ ಹೋದೆ, ಕೆಲಸ ನಿಲ್ಲಿಸಲು ಆಗುವುದಿಲ್ಲವಲ್ಲ. ಪರೀಕ್ಷೆಗೆ ಬರದಿದ್ದರೂ ಕಥೆ ಚೆನ್ನಾಗಿತ್ತು, ಅದನ್ನು ಅವರಿಗೂ ಹೇಳಿದೆ.

ವಿಷಯ ಏನೆಂದರೆ, ಗಗನ ಈಗ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾಳೆ. ಊಟದ ತಟ್ಟೆಯ ಪಕ್ಕದಲ್ಲೂ ಗೈಡು. ನಿಜವಾದ ಗೈಡೇ, ನಾನು ಬಿಡಿಸಿ ನೋಡಿದೆ. ಸರೋಜನಿಗೆ ಸಂತೋಷ. ನನಗೂ ಆಗಬೇಕಿತ್ತು. ಮೊನ್ನೆ ನಲ್ಲಿ ಬಿಟ್ಟುಕೊಂಡು ಕೈ ಒಡ್ಡಿ ನಿಂತು ಯಾವುದೋ ಇಸವಿಗಳನ್ನು ಹೇಳಿಕೊಳ್ಳುತ್ತಿದ್ದಳು. ಬಿಂದಿಗೆ ತುಂಬಿ ಹರಿದು ಅಂಗಳವೆಲ್ಲ ನೀರು. ಕರೆದೆ, ಕೇಳಿಸಲಿಲ್ಲ. ಮತ್ತೆ ಕರೆದೆ, ತಿರುಗಿ ನೋಡಿ "ಓದ್ತಾ ಇದೀನಪ್ಪ" ಅಂದಳು. ನಾನು ಓದು ಅಂತ ಹೇಳಲು ಕರೆದಿರಲಿಲ್ಲ. ಆ ದರ್ಜಿ ಕಥೆ ಓದುವಾಗ ಈ ಹುಡುಗಿ ಹೇಗೆ ನಗುತ್ತಿದ್ದಳು ಅಂತ ನೆನಪಾಯಿತು. ಹೇಳುವುದೇನಾದರೂ ಇದೆಯಾ ಎಂದು ನಾನು ಕೇಳಿದ ದಿನ ಇಲ್ಲ ಅಂದಳಲ್ಲ, ಅದು ನನ್ನ ಮುಖ ನೋಡಿ ಅಂದಿದ್ದು ಎಂದು ಈಗ ಗೊತ್ತಾಗಿದೆ.

ಇದಕ್ಕೆಲ್ಲ ನಾನೇ ಕಾರಣ. ಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಗೋಡೆ ತಪ್ಪು ಕಟ್ಟಿದ್ದರೆ ಒಡೆದು ಬಾಗಿಲು ಇಡಬಹುದು, ಅದು ನನ್ನ ಕೆಲಸ, ಬರುತ್ತದೆ. ಇದನ್ನು ಎಲ್ಲಿಂದ ಒಡೆಯಬೇಕೆಂದು ಗೊತ್ತಾಗುತ್ತಿಲ್ಲ. ಸಾಕು ಬುಡವ್ವ ಅಂತ ಹೇಳಲು ಹೋಗುತ್ತೇನೆ, ನಾನು ಅವಳ ಮೇಲಿನ ನಂಬಿಕೆ ಬಿಟ್ಟೆ ಅಂದುಕೊಂಡರೆ ಎಂದು ಹೆದರಿ ಊಟ ಆಯ್ತಾ ಅಂತ ಕೇಳಿ ಬರುತ್ತೇನೆ. ನಮ್ಮ ಮನೆಗಳಲ್ಲಿ ಇಂಥ ಮಾತು ಆಡಿ ಅಭ್ಯಾಸವಿಲ್ಲ.

ನೀವು ಬಹಳ ಪುಸ್ತಕ ಓದಿದವರು ಎಂದು ಗಗನ ಹೇಳುತ್ತಿದ್ದಳು. ಅಪ್ಪನಾದವನು ಮಗಳಿಗೆ ಸಾಕು ಬಿಡು ಎಂದು ಹೇಳುವ ಕಥೆ ಇರುವ ಪುಸ್ತಕ ಯಾವುದಾದರೂ ಇದ್ದರೆ ನನ್ನ ಹೆಸರಿಗೆ ಕಳಿಸಿಕೊಡಬೇಕು. ಅವನು ಹೇಗೆ ಹೇಳುತ್ತಾನೆ, ಹೇಳಿದ ಮೇಲೆ ಅವಳು ಏನನ್ನುತ್ತಾಳೆ ಎಂದು ನೋಡಬೇಕಾಗಿದೆ. ಕನ್ನಡಕ ಮಾಡಿಸಿಕೊಂಡಿದ್ದೇನೆ. ಈ ಸಲ ನಾನೇ ಅವಳಿಗೆ ಓದಿ ಹೇಳುತ್ತೇನೆ.

ಪರೀಕ್ಷೆ ಹತ್ತಿರ ಬರುತ್ತಿದೆ, ಅಷ್ಟರೊಳಗೆ ಸಿಕ್ಕರೆ ಉಪಕಾರ. ಅಂಥದ್ದನ್ನು ಯಾರೂ ಬರೆದಿಲ್ಲದಿದ್ದರೆ ಅದನ್ನೂ ಒಂದು ಗೆರೆ ಬರೆಯಿರಿ, ಕಾಯುವುದು ಬಿಟ್ಟು ನನಗೆ ಬಂದ ಹಾಗೆ ಹೇಳುತ್ತೇನೆ.

ಇಂತಿ,
ನಿಂಗಯ್ಯ, ಮೇಸ್ತ್ರಿ